ಕಿಟಕಿಯಿಂದ ಆರಂಭವಾದ ಅಂಗಳ

ನಾವು ಈ ಮನೆಯನ್ನು ಕೊಂಡಾಗ ಅದರ ಸುತ್ತಲಿನ ನೆಲವೆಲ್ಲ ಸಿಮೆಂಟಿನಡಿ ಹೂತುಹೋಗಿತ್ತು. ಗೇಟಿನಿಂದ ಹಿತ್ತಲಿನ ಕೊನೆಯ ಗೋಡೆಯವರೆಗೆ ಒಂದೇ ಸಮನಾದ ಬೂದು ಹಾಸು. ಮೂಲೆಯೊಂದರಲ್ಲಿ ಮಾತ್ರ ಸಣ್ಣದೊಂದು ಬಿರುಕು, ಆ ಬಿರುಕಿನಲ್ಲಿ ಹೆಸರು ತಿಳಿಯದ ಒಂದು ಕಳೆ. ಮಾರುವವರು ಅದನ್ನು ಮನೆಯ ಗುಣವೆಂದೇ ಬಣ್ಣಿಸಿದ್ದರು: ಕೆಸರಾಗುವುದಿಲ್ಲ, ಗುಡಿಸುವುದು ಸುಲಭ, ಹುಳಹುಪ್ಪಟೆಯ ಕಾಟವಿಲ್ಲ. ನಮಗೂ ಆಗ ಅದು ಸರಿಯೆಂದೇ ತೋರಿತ್ತು. ಒಂದು ವರ್ಷ ಅಲ್ಲಿ ಬದುಕಿದ ಮೇಲೆ, ಬಟ್ಟೆ ಒಣಹಾಕುವುದಕ್ಕೂ ವಾಹನ ತೆಗೆಯುವುದಕ್ಕೂ ಹೊರತಾಗಿ ಮನೆಯವರಾರೂ ಹೊರಗೆ ಕಾಲಿಡುತ್ತಿಲ್ಲವೆಂಬುದು ಗಮನಕ್ಕೆ ಬಂತು. ಸೂರ್ಯ ಮುಳುಗಿ ಎರಡು ಗಂಟೆ ಕಳೆದರೂ ಆ ಹಾಸು ಹಗಲೆಲ್ಲ ಕುಡಿದ ಬಿಸಿಯನ್ನು ಬಿಡುತ್ತಲೇ ಇರುತ್ತಿತ್ತು. ಕಿಟಕಿ ತೆರೆದರೆ ಗಾಳಿಯ ಬದಲು ಝಳ ಒಳಗೆ ಬರುತ್ತಿತ್ತು. ನಾವು ಹಣ ಕೊಟ್ಟು ಕೊಂಡ ನೆಲದಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ನಾವು ಬಳಸುತ್ತಲೇ ಇರಲಿಲ್ಲ.

ಸಾಲದ ಸಲುವಾಗಿ ಮನೆಯ ಬೆಲೆ ಕಟ್ಟಲು ಬಂದ ಮೌಲ್ಯಮಾಪಕರು ಅಂದು ಕೋಣೆಗಳನ್ನು ಎಣಿಸಿದರು, ಗೋಡೆಗಳನ್ನು ಅಳೆದರು, ಕಟ್ಟಡದ ವಯಸ್ಸನ್ನು ಕೇಳಿ ಬರೆದುಕೊಂಡರು. ಹಿತ್ತಲಿನ ಬಾಗಿಲವರೆಗೆ ಬಂದು, ಹೊಸ್ತಿಲು ದಾಟದೆ, ಒಮ್ಮೆ ಹೊರಗೆ ನೋಡಿ ಹಿಂತಿರುಗಿದರು. ಅವರ ಮೇಲೆ ನನಗೆ ಬೇಸರವೇನೂ ಇಲ್ಲ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೆ ಅವರು ನಿಂತುಬಿಟ್ಟ ಆ ಹೊಸ್ತಿಲು ನನ್ನ ಮನಸ್ಸಿನಲ್ಲಿ ಉಳಿಯಿತು. ಮನೆಯ ಸುತ್ತಲಿನ ನೆಲ ಮನೆಗೆ ಏನನ್ನು ಕೊಡುತ್ತದೆ, ವಾಸಿಸುವವರ ಸುಖಕ್ಕೆ ಎಷ್ಟು, ಮಾರುಕಟ್ಟೆಯ ಬೆಲೆಗೆ ಎಷ್ಟು ಎಂಬುದನ್ನು ಓದಿಯೂ, ಕೈಯಾರೆ ಮಾಡಿಯೂ ಹಲವು ವರ್ಷ ಹುಡುಕಿದ್ದೇನೆ. ಈ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಡುವುದು ವಾಡಿಕೆ. ನನ್ನ ಅನುಭವದಲ್ಲಿ ಅವು ಬೇರೆಯಲ್ಲ. ವಾಸಿಸುವವರಿಗೆ ದಿನವೂ ಸುಖ ಕೊಡುವ ಅಂಗಳಕ್ಕೇ ಕೊನೆಗೆ ಬೆಲೆಯೂ ಬರುತ್ತದೆ, ಬೆಲೆಗಾಗಿಯೇ ಸಿಂಗರಿಸಿದ ಅಂಗಳಕ್ಕೆ ಎರಡೂ ದಕ್ಕುವುದು ಅಪರೂಪ.

ಕೆಲಸ ಶುರುಮಾಡುವಾಗ ಎಲ್ಲರಂತೆ ನಾನೂ ಗೇಟಿನ ಬಳಿ ನಿಂತು ಮನೆಯತ್ತ ನೋಡಿದೆ. ಅದು ದಾರಿಹೋಕರ ನೋಟ. ಮನೆಯಲ್ಲಿರುವವರು ತಮ್ಮ ಅಂಗಳವನ್ನು ಹೆಚ್ಚಾಗಿ ನೋಡುವುದು ಒಳಗಿನಿಂದ, ಕಿಟಕಿಯ ಮೂಲಕ: ಪಾತ್ರೆ ತೊಳೆಯುವಾಗ, ಊಟಕ್ಕೆ ಕುಳಿತಾಗ, ಜ್ವರ ಬಂದು ಮಲಗಿದಾಗ, ಬೆಳಿಗ್ಗೆ ಪರದೆ ಸರಿಸಿದ ಮೊದಲ ಗಳಿಗೆಯಲ್ಲಿ. ಈ ನೋಟಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ನನಗೆ ಮನಗಾಣಿಸಿದ್ದು ಒಂದು ಆಸ್ಪತ್ರೆಯ ಅಧ್ಯಯನ. ರೋಜರ್ ಉಲ್ರಿಚ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗಿನ ದಾಖಲೆಗಳನ್ನು ತೆಗೆದು, ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳನ್ನು ವಯಸ್ಸು, ಲಿಂಗ, ಧೂಮಪಾನದಂಥ ಅಂಶಗಳಲ್ಲಿ ಹೊಂದುವಂತೆ 23 ಜೋಡಿಗಳಾಗಿ ಹೋಲಿಸಿದರು. ಪ್ರತಿ ಜೋಡಿಯಲ್ಲಿ ಒಬ್ಬರ ಕಿಟಕಿಯಾಚೆ ಮರಗಳಿದ್ದವು, ಇನ್ನೊಬ್ಬರ ಕಿಟಕಿಯಾಚೆ ಇಟ್ಟಿಗೆಯ ಗೋಡೆಯಿತ್ತು. ಮರಗಳನ್ನು ನೋಡುತ್ತಿದ್ದವರು ಶಸ್ತ್ರಚಿಕಿತ್ಸೆಯ ನಂತರ ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರೆ, ಗೋಡೆಯನ್ನು ನೋಡುತ್ತಿದ್ದವರಿಗೆ 8.70 ದಿನ ಹಿಡಿಯಿತು. ತೀವ್ರವಾದ ನೋವುನಿವಾರಕಗಳನ್ನು ಮೊದಲಿನವರು ಕಡಿಮೆ ತೆಗೆದುಕೊಂಡಿದ್ದರು. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದರಿಂದ ಎಲ್ಲವನ್ನೂ ಸಾಧಿಸಿಬಿಡಲಾಗದು. ಆದರೂ ಅದನ್ನು ಓದಿದ ದಿನ ನಾನು ಎದ್ದು ಹೋಗಿ ನಮ್ಮ ಮಲಗುವ ಕೋಣೆಯ ಕಿಟಕಿಯಾಚೆ ನೋಡಿದೆ. ನಮ್ಮದೂ ಗೋಡೆಯೇ ಆಗಿತ್ತು.

ಹಾಗಾಗಿ ಒಂದು ವಾರವಿಡೀ ನಾನು ಮಾಡಿದ ಕೆಲಸವೆಂದರೆ ಪ್ರತಿ ಕಿಟಕಿಯ ಮುಂದೆ ಕುರ್ಚಿ ಹಾಕಿ ಕೂರುವುದು. ನಿಂತಾಗ ಕಾಣುವುದು ಬೇರೆ, ಕುಳಿತಾಗ ಕಾಣುವುದು ಬೇರೆ, ಮಲಗಿದಾಗ ಕಾಣುವುದು ಇನ್ನೂ ಬೇರೆ. ಒಂದೊಂದು ಕಿಟಕಿಗೆ ಒಂದೊಂದು ಹಾಳೆಯಂತೆ, ಯಾವುದನ್ನು ಮರೆಮಾಡಬೇಕು, ಯಾವುದನ್ನು ಕಣ್ಣಿಗೆ ಉಳಿಸಿಕೊಳ್ಳಬೇಕು ಎಂದು ಗುರುತು ಹಾಕಿದೆ. ಅಡುಗೆಮನೆಯಿಂದ ಪಕ್ಕದ ಮನೆಯ ನೀರಿನ ಟ್ಯಾಂಕು ನೇರವಾಗಿ ಕಾಣುತ್ತಿತ್ತು. ಅದನ್ನು ಮುಚ್ಚಲು ಗಡಿಗೋಡೆಯನ್ನೇ ಎತ್ತರಿಸಬೇಕೆಂದು ಎಲ್ಲರೂ ಹೇಳಿದರು. ಕಾಗದದ ಮೇಲೆ ಗೆರೆ ಎಳೆದು ನೋಡಿದಾಗ, ಕಿಟಕಿಯಿಂದ ನಾಲ್ಕು ಮಾರು ದೂರದಲ್ಲಿ ಆಳೆತ್ತರಕ್ಕಿಂತ ತುಸು ಹೆಚ್ಚಿನ ಒಂದು ಪೊದೆ ಬೆಳೆದರೆ ಸಾಕು, ಟ್ಯಾಂಕು ಮರೆಯಾಗುತ್ತದೆ, ಅದರ ಮೇಲಿನ ಆಕಾಶ ಉಳಿಯುತ್ತದೆ ಎಂಬುದು ತಿಳಿಯಿತು. ಮರೆಮಾಡಬೇಕಾದ ವಸ್ತುವಿನಿಂದ ದೂರವಾಗಿ, ನೋಡುವ ಕಣ್ಣಿಗೆ ಹತ್ತಿರವಾಗಿ ನೆಟ್ಟ ಗಿಡ ಚಿಕ್ಕದಾಗಿದ್ದರೂ ದೊಡ್ಡ ಕೆಲಸ ಮಾಡುತ್ತದೆ. ಇಷ್ಟು ಸರಳವಾದ ಜ್ಯಾಮಿತಿಯನ್ನು ಅರಿಯದೆ ಎಷ್ಟೋ ಮಂದಿ ಗಡಿಯುದ್ದಕ್ಕೂ ಸಾಲುಮರ ನೆಟ್ಟು ಹತ್ತು ವರ್ಷ ಕಾಯುತ್ತಾರೆ.

ಇದರ ಇನ್ನೊಂದು ಮುಖ ಜಪಾನಿನ ತೋಟಗಾರರಿಗೆ ಬಹುಕಾಲದಿಂದ ಗೊತ್ತಿದೆ. ದೂರದ ಬೆಟ್ಟವನ್ನೋ ಮರಗಳ ನೆತ್ತಿಯನ್ನೋ ತಮ್ಮ ತೋಟದ ಭಾಗವೆಂಬಂತೆ ನೋಟದೊಳಕ್ಕೆ ತಂದುಕೊಳ್ಳುವ ವಿಧಾನಕ್ಕೆ ಅವರು 'ಶಕ್ಕೇಯಿ' ಎನ್ನುತ್ತಾರೆ, ಅಂದರೆ ಎರವಲು ಪಡೆದ ದೃಶ್ಯ. ಕ್ಯೋಟೋದ ಎಂಟ್ಸೂ-ಜಿ ದೇವಾಲಯದಲ್ಲಿ ತಗ್ಗಾದ ಬೇಲಿಯಾಚೆ ಮರದ ಕಾಂಡಗಳ ನಡುವೆ ಹಿಯೇಯಿ ಪರ್ವತ ಕಾಣುವಂತೆ ಇಡೀ ತೋಟವನ್ನು ರಚಿಸಲಾಗಿದೆ. ನಮ್ಮ ಮನೆಯ ಹಿಂದೆ ಪರ್ವತವೇನೂ ಇಲ್ಲ, ಎರಡು ಮನೆ ಆಚೆಗೆ ಒಂದು ಹಳೆಯ ದೊಡ್ಡ ಮರವಿದೆ. ಅದು ನಮ್ಮದಲ್ಲ, ಅದಕ್ಕೆ ನೀರೆರೆದವರು ನಾವಲ್ಲ. ಊಟದ ಮೇಜಿನಿಂದ ಅದರ ನೆತ್ತಿ ಕಾಣುವಷ್ಟು ಜಾಗವನ್ನು ಬಿಟ್ಟು ನಮ್ಮ ಗಿಡಗಳನ್ನು ಎರಡು ಬದಿಗೆ ಸರಿಸಿ ನೆಟ್ಟೆವು. ಒಂದೇ ಒಂದು ಸಸಿಯನ್ನೂ ಹೆಚ್ಚು ಕೊಳ್ಳದೆ ನಮ್ಮ ಹಿತ್ತಲು ಎರಡು ಮನೆಗಳಷ್ಟು ಆಳವಾಯಿತು.

ಕೂರುವ ಜಾಗದ ವಿಷಯದಲ್ಲಿ ನಾನು ಮೊದಲು ತಪ್ಪಿದೆ. ಸಿಮೆಂಟು ಒಡೆಸಿ, ಮಣ್ಣು ತುಂಬಿ, ಹುಲ್ಲು ಹಾಸಿದ ಮೇಲೆ, ಅದರ ನಟ್ಟನಡುವೆ ಒಂದು ಚೆಂದದ ಬೆಂಚನ್ನು ತಂದಿಟ್ಟೆ. ಚಿತ್ರದಲ್ಲಿ ನೋಡಿದಂತೆಯೇ ಇತ್ತು. ಆದರೆ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಅಮ್ಮ ಒಂದೆರಡು ಸಲ ಹೋಗಿ ಕುಳಿತು, ಐದು ನಿಮಿಷಕ್ಕೇ ಎದ್ದು ಬಂದರು. ಯಾಕೆಂದು ಕೇಳಿದರೆ, "ಬೆನ್ನ ಹಿಂದೆ ಏನೂ ಇಲ್ಲ ಅನ್ನಿಸುತ್ತದೆ ಮಗಾ, ಕೂರುವುದಕ್ಕೆ ಆಗುವುದಿಲ್ಲ" ಎಂದರು. ಆಮೇಲೆ ಓದುವಾಗ ಗೊತ್ತಾಯಿತು, ಬ್ರಿಟಿಷ್ ಭೂಗೋಳಶಾಸ್ತ್ರಜ್ಞ ಜೇ ಆಪಲ್ಟನ್ 1975ರಲ್ಲಿ ಮಂಡಿಸಿದ್ದ ಸಿದ್ಧಾಂತದ ತಿರುಳು ಅಮ್ಮನ ಆ ಒಂದು ಮಾತಿನಲ್ಲಿತ್ತು: ಮನುಷ್ಯನಿಗೆ ಮುಂದೆ ವಿಶಾಲವಾದ ನೋಟವೂ ಹಿಂದೆ ಆಸರೆಯೂ ಒಟ್ಟಿಗೆ ಸಿಗುವ ತಾಣ ಹಿತವೆನಿಸುತ್ತದೆ; ತಾನು ನೋಡಬೇಕು, ತನ್ನನ್ನು ಎಲ್ಲ ಕಡೆಯಿಂದಲೂ ನೋಡುವಂತಿರಬಾರದು. ಅದೇ ಬೆಂಚನ್ನು ಎತ್ತಿ ಮನೆಯ ಗೋಡೆಗೆ ಆನಿಸಿ, ಮೇಲೆ ಬಳ್ಳಿ ಹಬ್ಬಲು ಒಂದು ಸಣ್ಣ ಚಪ್ಪರ ಹಾಕಿದೆವು. ಅಂದಿನಿಂದ ಆ ಬೆಂಚು ಖಾಲಿಯಿರುವ ಸಂಜೆ ಕಡಿಮೆ. ವಸ್ತು ಅದೇ, ಖರ್ಚು ಅಷ್ಟೇ. ಹತ್ತು ಹೆಜ್ಜೆಯ ಸ್ಥಳಾಂತರದಲ್ಲಿ ಅದರ ಉಪಯೋಗವೇ ಬೇರೆಯಾಯಿತು.

ಅಮ್ಮನಿಗಾಗಿಯೇ ಕಾಲುದಾರಿಯನ್ನೂ ಬದಲಾಯಿಸಿದೆವು. ಮೊದಲು ಹುಲ್ಲಿನ ನಡುವೆ ಬಿಡಿಬಿಡಿಯಾಗಿ ಚಪ್ಪಡಿ ಕಲ್ಲುಗಳನ್ನು ಹೂಳಿದ್ದೆವು. ಕಣ್ಣಿಗೆ ಸೊಗಸು, ಆದರೆ ಊರುಗೋಲಿನವರಿಗೆ ಪ್ರತಿ ಹೆಜ್ಜೆಯೂ ಪರೀಕ್ಷೆ. ಈಗ ಒಂದೂವರೆ ಮೀಟರ್ ಅಗಲದ, ಮಟ್ಟಸವಾದ, ಒದ್ದೆಯಾದರೂ ಜಾರದ ದಾರಿಯಿದೆ. ಇಬ್ಬರು ಮಾತಾಡುತ್ತ ಪಕ್ಕಪಕ್ಕದಲ್ಲಿ ನಡೆಯಲು ಅಷ್ಟು ಅಗಲ ಬೇಕೇ ಬೇಕು. ಅದಕ್ಕಿಂತ ಕಿರಿದಾದರೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕಾಗುತ್ತದೆ, ಮಾತು ನಿಲ್ಲುತ್ತದೆ.

ಇಷ್ಟೆಲ್ಲ ಕಣ್ಣಿಗೆ ಕಾಣುವ ಸಂಗತಿ. ಕಣ್ಣಿಗೆ ಕಾಣದ, ಆದರೆ ಮನೆಯ ಬೆಲೆಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಯುವ ಅಥವಾ ಕೊಲ್ಲುವ ಸಂಗತಿಯೊಂದಿದೆ, ಅದು ನೆಲದ ಇಳಿಜಾರು. ನಮ್ಮ ಮಲಗುವ ಕೋಣೆಯ ಗೋಡೆಯ ಬುಡದಲ್ಲಿ ಸುಣ್ಣ ಉದುರಿ, ಬಣ್ಣ ಹೊಪ್ಪಳಿಸಿ ಏಳುತ್ತಿತ್ತು. ಎರಡು ಬಾರಿ ಬಣ್ಣ ಹೊಡೆಸಿದೆವು, ಎರಡು ಬಾರಿಯೂ ಅದೇ ಪಾಡು. ಮೂರನೆಯ ಮಳೆಗಾಲದಲ್ಲಿ ಕೊಡೆ ಹಿಡಿದು ಹೊರಗೆ ನಿಂತು ನೋಡಿದಾಗ ಕಾರಣ ಕಣ್ಣೆದುರಿಗೇ ಇತ್ತು: ಹಳೆಯ ಸಿಮೆಂಟು ಹಾಸು ಗೋಡೆಯತ್ತ ವಾಲಿತ್ತು, ಮಾಡಿನಿಂದ ಬಿದ್ದ ನೀರೆಲ್ಲ ಪಾಯದ ಬುಡಕ್ಕೇ ಹರಿದು ನಿಲ್ಲುತ್ತಿತ್ತು. ನೂರು ಚದರ ಮೀಟರಿನ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು ಸಾವಿರ ಲೀಟರ್ ನೀರು. ಅಷ್ಟೂ ನೀರು ಎಲ್ಲಿಗಾದರೂ ಹೋಗಲೇಬೇಕು, ನಾವು ದಾರಿ ತೋರಿಸದಿದ್ದರೆ ಅದು ತನಗೆ ಸಿಕ್ಕ ದಾರಿ ಹಿಡಿಯುತ್ತದೆ.

ಮನೆಯ ಗೋಡೆಯಿಂದ ಹೊರಕ್ಕೆ ಮೊದಲ ಮೂರು ಮೀಟರಿನಲ್ಲಿ ನೆಲ ಸುಮಾರು ಹದಿನೈದು ಸೆಂಟಿಮೀಟರ್ ತಗ್ಗಬೇಕೆಂಬುದು ಕಟ್ಟಡ ಕೆಲಸದಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಕಣ್ಣಿಗೆ ಅದು ಇಳಿಜಾರೆಂದು ತೋರುವುದೂ ಇಲ್ಲ; ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಬೇಕು. ಹೂವಿನ ಪಾತಿಗಳನ್ನು ಗೋಡೆಗೆ ತಾಗಿಸಿ ಎತ್ತರವಾಗಿ ಕಟ್ಟುವುದು ಇನ್ನೊಂದು ಸಾಮಾನ್ಯ ತಪ್ಪು. ಗೋಡೆಯೊಳಗೆ ತೇವ ಏರದಂತೆ ಕಟ್ಟುವಾಗಲೇ ಹಾಕಿರುವ ತಡೆಪದರಕ್ಕಿಂತ ಮೇಲಕ್ಕೆ ಪಾತಿಯ ಮಣ್ಣು ಬಂದರೆ, ತೇವ ಆ ಪದರವನ್ನು ದಾಟಿ ನೇರವಾಗಿ ಗೋಡೆ ಸೇರುತ್ತದೆ. ನಾವು ಆ ಬದಿಯ ಸಿಮೆಂಟನ್ನು ತೆಗೆಸಿ, ಮಣ್ಣನ್ನು ಹೊರಮುಖವಾಗಿ ಇಳಿಸಿ, ಮಾಡಿನ ನೀರನ್ನು ಕೊಳವೆಯಲ್ಲಿ ಹಿತ್ತಲಿನ ತಗ್ಗಿಗೆ ಒಯ್ದು, ಅಲ್ಲಿ ನೀರು ಇಂಗುವಂತೆ ಬೇರು ದಟ್ಟವಾಗಿ ಹಿಡಿಯುವ ಹುಲ್ಲುಗಳನ್ನು ಹಾಕಿದೆವು. ಮರುವರ್ಷ ಗೋಡೆ ಒಣಗಿತು. ಮನೆ ನೋಡಲು ಬರುವ ಯಾರೂ ಈ ಇಳಿಜಾರನ್ನು ಹೊಗಳುವುದಿಲ್ಲ. ಅದು ಇಲ್ಲದಿದ್ದರೆ ಮಾತ್ರ, ಗೋಡೆಯ ಮೇಲಿನ ಕಲೆಯನ್ನು ನೋಡಿ ಮಾತಿಲ್ಲದೆ ಹಿಂತಿರುಗುತ್ತಾರೆ. ತೋಟಕ್ಕೆಂದು ಕೈಯಲ್ಲಿ ಸ್ವಲ್ಪವೇ ಹಣವಿರುವವರು ಕೇಳಿದರೆ, ಮೊದಲ ಖರ್ಚು ಇದಕ್ಕೇ ಆಗಲಿ ಎನ್ನುತ್ತೇನೆ.

ಆಮೇಲೆ ಮರ. ಮರದ ನೆರಳು ತಂಪೆಂದು ಎಲ್ಲರಿಗೂ ಗೊತ್ತು. ಆದರೆ ಅದು ಬರೀ ನೆರಳಿನ ತಂಪಲ್ಲ. ಎಲೆಗಳಿಂದ ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅಂದರೆ ಸಾವಿರ ವ್ಯಾಟಿನ ಹೀಟರೊಂದು ನಲವತ್ತು ನಿಮಿಷ ಉರಿದು ಕೊಡುವಷ್ಟು ಶಾಖ. ಆ ಶಾಖವನ್ನು ಮರ ತನ್ನ ಸುತ್ತಲಿನಿಂದಲೇ ಎಳೆದುಕೊಳ್ಳುತ್ತದೆ. ತಗಡಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸದಲ್ಲಿ ಇದರ ಪಾಲು ದೊಡ್ಡದು. ತಗಡು ತಾನೇ ಕಾದು ಕೆಳಗೆ ಕುಳಿತವರ ಮೇಲೆ ಬಿಸಿಯನ್ನು ಸುರಿಯುತ್ತದೆ, ಎಲೆ ಕಾಯುವುದು ಅದಕ್ಕಿಂತ ಬಹಳ ಕಡಿಮೆ. ಮರವನ್ನು ಎಲ್ಲಿ ನೆಡಬೇಕೆಂಬುದು ಸೂರ್ಯನ ಚಲನೆಯನ್ನು ನೋಡಿ ತೀರ್ಮಾನವಾಗಬೇಕು. ಪಡುವಣದ ಗೋಡೆಗೆ ಮಧ್ಯಾಹ್ನದ ನಂತರ ಬಿಸಿಲು ಓರೆಯಾಗಿ, ಕೆಳಮಟ್ಟದಿಂದ ಬೀಳುವುದರಿಂದ ಮಾಡಿನ ಚಾಚು ಅದನ್ನು ತಡೆಯಲಾರದು, ಅಲ್ಲಿ ಮರವೇ ಆಗಬೇಕು. ಚಳಿ ಹೆಚ್ಚಿರುವ ಕಡೆಗಳಲ್ಲಿ ಉತ್ತರ ಗೋಳಾರ್ಧದವರು ತೆಂಕಣ ಬದಿಗೆ, ದಕ್ಷಿಣ ಗೋಳಾರ್ಧದವರು ಬಡಗಣ ಬದಿಗೆ ಎಲೆಯುದುರಿಸುವ ಜಾತಿಯ ಮರಗಳನ್ನು ನೆಡುತ್ತಾರೆ; ಬೇಸಿಗೆಯಲ್ಲಿ ಅವು ನೆರಳು ಕೊಡುತ್ತವೆ, ಚಳಿಗಾಲದಲ್ಲಿ ಬೋಳಾಗಿ ಬಿಸಿಲನ್ನು ಒಳಗೆ ಬಿಡುತ್ತವೆ.

ಗಾಳಿ ಬಲವಾಗಿ ಬೀಸುವ ಬಯಲಿನ ಮನೆಗಳಿಗೆ ಮರಸಾಲು ಇನ್ನೊಂದು ಉಪಕಾರ ಮಾಡುತ್ತದೆ. ಅದು ತನ್ನ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿಯ ವೇಗವನ್ನು ಕುಗ್ಗಿಸಬಲ್ಲದು. ಗಟ್ಟಿ ಗೋಡೆಗಿಂತ ಸ್ವಲ್ಪ ಗಾಳಿಯಾಡುವ ಸಾಲು ಈ ಕೆಲಸಕ್ಕೆ ಮೇಲು, ಏಕೆಂದರೆ ಗೋಡೆಯನ್ನು ಹಾಯ್ದು ಮೇಲೆದ್ದ ಗಾಳಿ ಅದರ ಹಿಂದೆಯೇ ಸುಳಿಯಾಗಿ ಇಳಿಯುತ್ತದೆ.

ಮರದ ಬಗ್ಗೆ ಭಯಗಳೂ ಇವೆ, ಅವುಗಳಲ್ಲಿ ಕೆಲವು ನಿಜ. ಬೇರು ನೆಲದಾಳಕ್ಕೆ ಇಳಿದು ಪಾಯವನ್ನು ಸೀಳುತ್ತದೆಂದು ಹಲವರು ನಂಬುತ್ತಾರೆ. ಮರದ ಹೆಚ್ಚಿನ ಬೇರುಗಳು ಇರುವುದು ಮೇಲಿನ ಅರ್ಧ ಮೀಟರಿನ ಆಸುಪಾಸಿನ ಮಣ್ಣಿನಲ್ಲಿ, ಆದರೆ ಅಡ್ಡಕ್ಕೆ ಅವು ಕೊಂಬೆಗಳ ಹರವಿನ ಅಂಚನ್ನು ದಾಟಿ ಬಹಳ ದೂರ ಹರಡುತ್ತವೆ. ಕೊಳವೆ ಮೊದಲೇ ಬಿರುಕು ಬಿಟ್ಟು ಒಸರುತ್ತಿದ್ದರೆ ಆ ತೇವವನ್ನು ಹುಡುಕಿಕೊಂಡು ಬೇರು ಒಳನುಗ್ಗುತ್ತದೆ. ಗಟ್ಟಿಯಾಗಿರುವ ಕೊಳವೆಯನ್ನು ಅದು ಒಡೆಯುವುದು ವಿರಳ. ಒಣಗಿದಾಗ ಕುಗ್ಗಿ, ಒದ್ದೆಯಾದಾಗ ಉಬ್ಬುವ ಜೇಡಿಮಣ್ಣಿನಲ್ಲಿ ಮಾತ್ರ ದೊಡ್ಡ ಮರ ಪಾಯದ ಹತ್ತಿರವಿರುವುದು ನಿಜವಾಗಿಯೂ ಅಪಾಯ, ಏಕೆಂದರೆ ಅದು ಹೀರುವ ನೀರಿನಿಂದ ಮಣ್ಣು ಕುಗ್ಗಿ ಗೋಡೆ ಬಿರಿಯಬಹುದು. ಮಣ್ಣಿನ ಗುಣ ಮತ್ತು ಮರ ಪೂರ್ತಿ ಬೆಳೆದಾಗಿನ ಗಾತ್ರ, ಈ ಎರಡನ್ನು ತಿಳಿದ ಮೇಲೆಯೇ ಗುಂಡಿ ತೋಡಬೇಕು.

ಗುಂಡಿಯ ವಿಷಯದಲ್ಲಿ ನನ್ನ ತಪ್ಪಿನಿಂದಲೇ ಒಂದು ಮರವನ್ನು ಕಳೆದುಕೊಂಡೆ. ಆಳವಾಗಿ ನೆಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆಂದುಕೊಂಡು ಸಸಿಯನ್ನು ಗೇಣುದ್ದ ಕೆಳಗೆ ಇಳಿಸಿ ನೆಟ್ಟೆ, ಮೇಲಿನಿಂದ ತರಗೆಲೆಯ ಹೊದಿಕೆಯನ್ನು ಕಾಂಡದ ಸುತ್ತ ಗೋಪುರದಂತೆ ಪೇರಿಸಿದೆ. ಮೂರು ವರ್ಷ ಅದು ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ನಾಲ್ಕನೆಯ ವರ್ಷ ಒಣಗಿತು. ಅಗೆದು ನೋಡಿದರೆ ಮಣ್ಣಿನೊಳಗಿದ್ದ ಕಾಂಡದ ತೊಗಟೆ ಕೊಳೆತು ಮೆತ್ತಗಾಗಿತ್ತು. ಕಾಂಡ ಅಗಲವಾಗಿ ಬೇರಾಗಿ ಒಡೆಯುವ ಜಾಗ ನೆಲದ ಮಟ್ಟಕ್ಕೆ ಕಾಣುವಂತಿರಬೇಕು, ಗುಂಡಿ ಬೇರಿನ ಉಂಡೆಯಷ್ಟೇ ಆಳವಾಗಿ ಅದಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿರಬೇಕು, ಹೊದಿಕೆ ನಾಲ್ಕು ಬೆರಳು ದಪ್ಪಕ್ಕೆ ಮೀರದೆ ಕಾಂಡಕ್ಕೆ ತಾಗದಂತೆ ಇರಬೇಕು. ಇದನ್ನು ಆಗಲೇ ಯಾರಾದರೂ ಹೇಳಿದ್ದರೆ ಆ ಮರ ಇಂದು ಮಾಡನ್ನು ಮುಟ್ಟುತ್ತಿತ್ತು. ನಾಲ್ಕು ವರ್ಷಗಳನ್ನು ಯಾವ ಹಣವೂ ಹಿಂದಕ್ಕೆ ತರಲಾರದು; ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಇನ್ನು ಮಾರುಕಟ್ಟೆಯ ಬೆಲೆ. ಹಸಿರಿಗೆ ಹತ್ತಿರವಿರುವ ಮನೆಗೆ ಜನ ಹೆಚ್ಚು ಕೊಡುತ್ತಾರೆಂಬ ತಿಳಿವಳಿಕೆ ಹೊಸದಲ್ಲ. ಇಂಗ್ಲೆಂಡಿನ ಬರ್ಕನ್‌ಹೆಡ್ ಪಟ್ಟಣದಲ್ಲಿ 1847ರಲ್ಲಿ ತೆರೆದ ಸಾರ್ವಜನಿಕ ಉದ್ಯಾನಕ್ಕೆಂದು 226 ಎಕರೆ ಕೊಂಡಿದ್ದರು. ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಉದ್ಯಾನಕ್ಕೆ 125 ಎಕರೆ ಬಳಸಿ, ಅದರ ಅಂಚಿನ ನೆಲವನ್ನು ಮನೆಗಳಿಗಾಗಿ ಮಾರಿ ಆ ಹಣವನ್ನು ವೆಚ್ಚಕ್ಕೆ ಹೊಂದಿಸುವುದು ಯೋಜನೆಯಾಗಿತ್ತು. 1850ರಲ್ಲಿ ಅದನ್ನು ನೋಡಿ ಬೆರಗಾದ ಫ್ರೆಡೆರಿಕ್ ಲಾ ಓಮ್‌ಸ್ಟೆಡ್ ಮುಂದೆ ಕ್ಯಾಲ್ವರ್ಟ್ ವಾಕ್ಸ್ ಜೊತೆಗೂಡಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದರು, ಮತ್ತು ಉದ್ಯಾನದ ಸುತ್ತಲಿನ ಆಸ್ತಿಗಳ ಮೌಲ್ಯ ಏರಿದ್ದನ್ನು ಅದರ ವೆಚ್ಚಕ್ಕೆ ಸಮರ್ಥನೆಯಾಗಿ ತೋರಿಸಿದರು.

ಒಂದು ಮನೆಯ ಬೆಲೆಯಲ್ಲಿ ಮರದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟದ ಲೆಕ್ಕ. ಮನೆ ಎಂಬ ಸರಕು ಕೋಣೆ, ವಯಸ್ಸು, ನೆರೆಹೊರೆ, ನೋಟ ಎಂಬ ಹಲವು ಗುಣಗಳ ಕಟ್ಟು. ಆ ಕಟ್ಟಿನ ಒಟ್ಟು ಬೆಲೆಯಿಂದ ಒಂದೊಂದು ಗುಣದ ಬೆಲೆಯನ್ನು ಲೆಕ್ಕಹಾಕುವ ವಿಧಾನಕ್ಕೆ ಅರ್ಥಶಾಸ್ತ್ರಜ್ಞ ಶರ್ವಿನ್ ರೋಸೆನ್ 1974ರಲ್ಲಿ ಸೈದ್ಧಾಂತಿಕ ಚೌಕಟ್ಟು ಕೊಟ್ಟರು. ಅದೇ ಬಗೆಯ ಲೆಕ್ಕದಿಂದ ಜೆಫ್ರಿ ಡೊನೊವನ್ ಮತ್ತು ಡೇವಿಡ್ ಬುಟ್ರಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬೀದಿ ಮರಗಳನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಬೀದಿ ಮರಗಳು ಮನೆಯ ಮಾರಾಟ ಬೆಲೆಗೆ ಸುಮಾರು ಶೇಕಡಾ 3ರಷ್ಟನ್ನು ಸೇರಿಸುತ್ತವೆ, ಮನೆ ಮಾರಾಟವಾಗದೆ ಕಾಯುವ ಅವಧಿಯನ್ನು 1.7 ದಿನ ಕಡಿಮೆ ಮಾಡುತ್ತವೆ ಎಂಬುದು ಅವರ ಫಲಿತಾಂಶ. ಇದು ಒಂದು ನಗರದ ಅಂಕಿ, ಎಲ್ಲೆಡೆಗೂ ಎತ್ತಿಕೊಂಡು ಹೋಗುವಂಥದ್ದಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ಒಂದು ಮನೆಯ ಮುಂದಿನ ಮರ ಅಕ್ಕಪಕ್ಕದ ಮನೆಗಳ ಬೆಲೆಯನ್ನೂ ಏರಿಸುತ್ತದೆ, ಮತ್ತು ಹಾಗೆ ನೆರೆಯವರಿಗೆ ಹರಿಯುವ ಲಾಭವನ್ನೆಲ್ಲ ಕೂಡಿದರೆ ಅದು ಸಣ್ಣದಲ್ಲ. ನೀರು ಹೊತ್ತವರು ಒಬ್ಬರು, ಲಾಭ ಬೀದಿಗೆಲ್ಲ.

ಮನೆ ಕೊಳ್ಳುವವರ ಕಣ್ಣಿನಿಂದ ನೋಡಿದರೆ ತೋಟದ ಬೆಲೆಯಲ್ಲಿ ಒಂದು ಕಳವಳವೂ ಬೆರೆತಿರುತ್ತದೆ. ನಮ್ಮ ಅಕ್ಕ ಮನೆ ಹುಡುಕುತ್ತಿದ್ದಾಗ ಅವಳೊಂದಿಗೆ ಹದಿನೈದು ಇಪ್ಪತ್ತು ಮನೆಗಳನ್ನು ಸುತ್ತಿದ್ದೇನೆ. ಕಾರಂಜಿ, ಕೃತಕ ಜಲಪಾತ, ಗೊಂಬೆಯಾಕಾರಕ್ಕೆ ಕತ್ತರಿಸಿದ ಪೊದೆಗಳಿದ್ದ ಒಂದು ತೋಟವನ್ನು ಕಂಡು ಅವಳು ಮೊದಲು ಕೇಳಿದ್ದು, ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದು. ಒಡೆಯರು ಅದಕ್ಕೆ ಬಹಳ ಖರ್ಚು ಮಾಡಿದ್ದರು. ಅವಳ ಕಣ್ಣಿಗೆ ಅದು ಮುಂದೆ ತಾನು ಮಾಡಬೇಕಾದ ದುಡಿಮೆಯಾಗಿ ಕಂಡಿತು. ಸೂರಿನ ಮೇಲೆ ಬಾಗಿದ, ಕವಲೊಡೆದ ಜಾಗದಲ್ಲಿ ಸೀಳು ಬಿಟ್ಟ ಹಳೆಯ ಮರವೂ ಹಾಗೆಯೇ. ಅದು ಎಷ್ಟೇ ಭವ್ಯವಾಗಿದ್ದರೂ ಕೊಳ್ಳುವವರು ಅದನ್ನು ಕಡಿಸುವ ಖರ್ಚನ್ನು ಮನಸ್ಸಿನಲ್ಲೇ ಕಳೆದುಬಿಡುತ್ತಾರೆ. ಅಕ್ಕ ಕೊನೆಗೆ ಒಪ್ಪಿದ ಮನೆಯ ಅಂಗಳದಲ್ಲಿ ವಿಶೇಷವೇನೂ ಇರಲಿಲ್ಲ: ಆರೋಗ್ಯವಾದ ಎರಡು ಮರ, ಅಚ್ಚುಕಟ್ಟಾಗಿ ಅಂಚು ಕಟ್ಟಿದ ಪಾತಿ, ಗೇಟಿನಿಂದ ಬಾಗಿಲಿಗೆ ಅನುಮಾನವಿಲ್ಲದೆ ಒಯ್ಯುವ ದಾರಿ, ಮಧ್ಯಾಹ್ನ ಮೂರಕ್ಕೂ ತಂಪಾಗಿದ್ದ ಜಗಲಿ. ಅವಳು ಆ ಜಗಲಿಯಲ್ಲಿ ಕುಳಿತಳು, ಅರ್ಧ ಗಂಟೆ ಏಳಲಿಲ್ಲ. ಆ ಮನೆಯ ಬೆಲೆಯ ಮಾತುಕತೆ ಅಲ್ಲಿಯೇ ಮುಗಿದಂತಾಗಿತ್ತು.

ನಿರ್ವಹಣೆಯ ಲೆಕ್ಕವನ್ನು ನಾವೂ ಮೊದಲೇ ಮಾಡಬೇಕಿತ್ತು. ಸಿಮೆಂಟು ಒಡೆಸಿದ ಹುರುಪಿನಲ್ಲಿ ಹಿತ್ತಲೆಲ್ಲ ಹುಲ್ಲು ಹಾಸಿದೆವು. ಎರಡು ವರ್ಷ ವಾರಕ್ಕೊಮ್ಮೆ ಕತ್ತರಿಸಿ, ಬೇಸಿಗೆಯಲ್ಲಿ ದಿನವೂ ನೀರುಣಿಸಿ ಸೋತೆವು. ಹುಲ್ಲುಹಾಸು ಬೇಡವೆಂದು ನಾನು ಹೇಳುವುದಿಲ್ಲ, ಮಕ್ಕಳು ಉರುಳಾಡುವಷ್ಟು ಜಾಗದಲ್ಲಿ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಯಾರೂ ಕಾಲಿಡದ ಕಡೆಯಲ್ಲಿ ಅದನ್ನು ಸಾಕುವುದು ಮಾತ್ರ ನೀರಿಗೂ ಬೆನ್ನಿಗೂ ಭಾರ. ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆಯಲ್ಲಿ 1981ರಲ್ಲಿ 'ಝೆರಿಸ್ಕೇಪ್' ಎಂಬ ಪದ ಹುಟ್ಟಿದ್ದು ಇದೇ ಯೋಚನೆಯಿಂದ: ನೀರಿನ ಅಗತ್ಯ ಒಂದೇ ರೀತಿಯಿರುವ ಗಿಡಗಳನ್ನು ಒಂದೆಡೆ ಸೇರಿಸುವುದು, ಹುಲ್ಲನ್ನು ಬೇಕಾದಷ್ಟಕ್ಕೆ ಮಿತಗೊಳಿಸುವುದು, ಮಣ್ಣನ್ನು ಹದಮಾಡಿ ಹೊದಿಕೆ ಹಾಕುವುದು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಬೆತ್ ಚಾಟೊ 1990ರ ದಶಕದ ಆರಂಭದಲ್ಲಿ ವಾಹನ ನಿಲ್ಲಿಸುತ್ತಿದ್ದ ಗಟ್ಟಿ ಜಲ್ಲಿಯ ನೆಲವನ್ನೇ ತೋಟವಾಗಿಸಿ, ನೆಲಕ್ಕೆ ಒಗ್ಗುವ ಗಿಡಗಳನ್ನು ಮಾತ್ರ ಆರಿಸಿ, ನಾಟಿಯ ಕಾಲ ಕಳೆದ ಮೇಲೆ ನೀರೇ ಹಾಯಿಸದೆ ಬೆಳೆಸಿ ತೋರಿಸಿದರು. ನೆಲವನ್ನು ಗಿಡಕ್ಕೆ ಒಗ್ಗಿಸುವ ಬದಲು ಗಿಡವನ್ನು ನೆಲಕ್ಕೆ ತಕ್ಕಂತೆ ಹುಡುಕುವ ಆ ಬುದ್ಧಿಯನ್ನು ನಾವೂ ತಡವಾಗಿ ಕಲಿತೆವು. ಈಗ ಹುಲ್ಲು ಹಿತ್ತಲಿನ ಕಾಲುಭಾಗದಲ್ಲಿ ಮಾತ್ರ ಇದೆ. ಉಳಿದಲ್ಲಿ ಪೊದೆ, ನೆಲ ಮುಚ್ಚುವ ಗಿಡ, ತರಗೆಲೆ. ವಾರಕ್ಕೆ ಮೂರು ಗಂಟೆ ಕೊಟ್ಟರೆ ಸಾಕಾಗುತ್ತದೆ, ಆ ಮೂರು ಗಂಟೆಯನ್ನು ಕೊಡಲು ನಮಗೆ ಮನಸ್ಸೂ ಇದೆ. ಬಾಡಿಗೆ ಮನೆಯಲ್ಲಿರುವವರಿಗೆ, ಬಾಲ್ಕನಿ ಮಾತ್ರ ಇರುವವರಿಗೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ; ಕೂರುವ ಕುರ್ಚಿಯ ಎದುರು, ಕಣ್ಣಿನ ಮಟ್ಟಕ್ಕೆ, ತಮಗೊಪ್ಪುವ ಎರಡು ದೊಡ್ಡ ಕುಂಡಗಳನ್ನು ಇಟ್ಟುಕೊಂಡರೆ ಕಿಟಕಿಯ ಪಾಠ ಅಲ್ಲಿಯೂ ನಡೆಯುತ್ತದೆ.

ಮನೆಗೆ ಹೊಡೆಸಿದ ಬಣ್ಣ ಒಣಗಿದ ದಿನದಿಂದಲೇ ಮಾಸತೊಡಗುತ್ತದೆ. ಅಡುಗೆಮನೆಯ ಕಪಾಟು, ಬಚ್ಚಲಿನ ನಲ್ಲಿ, ನೆಲದ ಹಾಸು ಎಲ್ಲವೂ ವರ್ಷದಿಂದ ವರ್ಷಕ್ಕೆ ಹಳತಾಗುತ್ತವೆ. ಸರಿಯಾಗಿ ನೆಟ್ಟ ಮರವೊಂದೇ ಕಾಲದ ಜೊತೆ ಇನ್ನೊಂದು ದಿಕ್ಕಿನಲ್ಲಿ ಸಾಗುವುದನ್ನು ನಾನು ಈ ಮನೆಯಲ್ಲಿ ಕಂಡಿದ್ದೇನೆ. ಕಳೆದ ವರ್ಷ ಬೇರೊಂದು ಸಾಲಕ್ಕಾಗಿ ಮತ್ತೊಮ್ಮೆ ಮೌಲ್ಯಮಾಪಕರು ಬಂದರು, ಈ ಬಾರಿ ಬೇರೆಯವರು. ಅವರೂ ಕೋಣೆಗಳನ್ನು ಎಣಿಸಿದರು, ಗೋಡೆ ಅಳೆದರು. ಆಮೇಲೆ ಹಿತ್ತಲಿನ ಬಾಗಿಲಿಗೆ ಬಂದು ಹೊಸ್ತಿಲು ದಾಟಿದರು, ಚಪ್ಪರದಡಿಯ ಬೆಂಚಿನ ಮೇಲೆ ಕುಳಿತು ತಮ್ಮ ಕಾಗದಗಳನ್ನು ಅಲ್ಲಿಯೇ ತುಂಬಿದರು. ಅವರ ನಮೂನೆಯಲ್ಲಿ ಮರಕ್ಕೆ ಒಂದು ಕಲಮೂ ಇರಲಿಲ್ಲವೆಂದು ನನಗೆ ಗೊತ್ತು.

ಪಡುವಣದ ಗೋಡೆಗೆಂದು ನಾವು ನೆಟ್ಟ ಮರ ಈಗ ಗಡಿಗೋಡೆಗಿಂತ ಬಹಳ ಎತ್ತರವಾಗಿದೆ. ಬೆಳಗಿನ ಹೊತ್ತು ಅದರ ನೆರಳು ನಮ್ಮ ಕಡೆ ಇರುವುದೇ ಇಲ್ಲ, ಗೋಡೆಯಾಚೆಗೆ ಬೀಳುತ್ತದೆ. ಪಕ್ಕದ ಮನೆಯ ಅಜ್ಜಿ ಆ ಹೊತ್ತಿಗೆ ತಮ್ಮ ಕುರ್ಚಿಯನ್ನು ಅಲ್ಲಿಗೆ ಎಳೆದುಕೊಂಡು ಕೂರುತ್ತಾರೆ. ಬಿಸಿಲು ಏರಿ ನೆರಳು ಸರಿದಂತೆ ಕುರ್ಚಿಯೂ ಗೋಡೆಯತ್ತ ಸರಿಯುತ್ತ ಬರುತ್ತದೆ. ಮಧ್ಯಾಹ್ನದ ನಂತರ ಆ ನೆರಳು ಗೋಡೆ ದಾಟಿ ನಮ್ಮಲ್ಲಿಗೆ ಬರುತ್ತದೆ, ಆಗ ಅಮ್ಮ ಬೆಂಚಿಗೆ ಹೋಗುತ್ತಾರೆ.